ರಾಣಿಯ ಕತ್ತಿನ ಗೀರು

ಬೆಳಗಿನ ಚಹಾ ಆದಮೇಲೆ ದೇವರ ಕೋಣೆಯ ಬೆಳ್ಳಿ ತಿಕ್ಕುವುದು ನನ್ನ ಕೆಲಸ. ಅಂಗಡಿಯ ಪಾಲಿಶ್ ನಮ್ಮತ್ತೆಗೆ ಆಗುವುದಿಲ್ಲ. ವಿಭೂತಿಯನ್ನು ಒದ್ದೆ ಅರಿವೆಗೆ ಹಚ್ಚಿಕೊಂಡೇ ತಿಕ್ಕಬೇಕು. ಮೊದಲು ಅವರ ಲಿಂಗದ ಕರಡಿಗೆ, ಆಮೇಲೆ ದೀಪ, ಕುಂಕುಮದ ಬಟ್ಟಲು. ಅರಿವೆ ಕಪ್ಪಾಗುತ್ತ ಹೋದಂತೆ ಬೆಳ್ಳಿ ತಿಳಿಯಾಗುತ್ತದೆ. ಆ ದಿನವೂ ಹಾಗೇ ಕುಳಿತಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಅಂಗಳದಲ್ಲಿ ಮೈದುನ ತನ್ನ ಹೊಸ ಬೂಟುಗಳನ್ನು ಮತ್ತೆ ಮತ್ತೆ ಒರೆಸುತ್ತಿದ್ದ. ಅಂದು ಅವನ ಸಾಖರಪುಡಾ, ಮದುವೆಯ ನಿಶ್ಚಯ. ನಾವು ಸಾಂಗಲಿಯಿಂದ ಹೊರಟು, ಮಿರಜ ದಾಟಿ, ಮಾಲಗಾಂವದ ಹುಡುಗಿಯ ಮನೆಗೆ ಹೋಗಿ ನಿಶ್ಚಯ ಮುಗಿಸಬೇಕಿತ್ತು.

ನಿಶ್ಚಯದ ದಿನ ನಮ್ಮ ಕಡೆ ಗಂಡಿನ ಮನೆಯವರು ಹುಡುಗಿಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬಿನ ಜೊತೆಗೆ ಐದು ರಾಣಿಛಾಪ ರೂಪಾಯಿ ಹಾಕುತ್ತಾರೆ. ಕಿರೀಟ ಇಟ್ಟ ರಾಣಿಯ ಮುಖವಿರುವ ಹಳೆಯ ಬೆಳ್ಳಿಯ ನಾಣ್ಯಗಳು. ಹುಡುಗಿ ಅವನ್ನು ತವರಿನ ದೇವರ ಮುಂದಿಟ್ಟುಕೊಂಡು, ಮದುವೆಯಾಗಿ ಬರುವಾಗ ತಿರುಗಿ ತರಬೇಕು. ಆಗ ಹಿರಿಯರು ಎಲ್ಲರೆದುರು ಒಂದೊಂದನ್ನೇ ಫರಸಿಕಲ್ಲಿನ ನೆಲದ ಮೇಲೆ ಬಾರಿಸಿ, ಸಪ್ಪಳ ಕೇಳಿ, ಅವಳದೇ ಗಂಟಿನಲ್ಲಿ ಕಟ್ಟಿ ದೇವರ ಪೆಟ್ಟಿಗೆಯಲ್ಲಿಡುತ್ತಾರೆ. ನನ್ನ ಐದೂ ಹಾಗೇ ಬಂದವು. ಆದರೆ ನಾವು ಕೊಡುವಾಗ ಯಾರೂ ಬಾರಿಸಿ ಕೊಡುವುದಿಲ್ಲ. ಸೊಸೆ ತರುವಾಗ ಮಾತ್ರ ಬಾರಿಸುತ್ತೇವೆ.

ಕರಡಿಗೆ ಒರೆಸಿಡುವಷ್ಟರಲ್ಲಿ ನನ್ನ ಗಂಡನ ಕಾಕಾ ಒಳಗೆ ಬಂದರು. ಅರಿಶಿಣದ ವ್ಯಾಪಾರ ಅವರದು, ಮನೆಯ ಹಿರಿತನವೂ ಅವರದೇ. ಸೊಸೆಯಾದ ನನ್ನನ್ನು ಅವರು ಕರೆಯುವುದು ಸೂನಬಾಯಿ ಎಂದೇ. ಕೈಯಲ್ಲಿ ಮಿರಿಮಿರಿ ಮಿಂಚುವ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಐದು ರಾಣಿಛಾಪ ರೂಪಾಯಿ.

“ಸೂನಬಾಯಿ, ಇವಕೂ ಒಂದ ಕೈ ವಿಭೂತಿ ಹಚ್ಚ. ಫೋನಿನ್ಯಾಗ ನೋಡಿ ತರಿಸೇನಿ. ಸರ್ಟಿಫಿಕೇಟೂ ಐತಿ.”

ಒಂದನ್ನು ತಿಕ್ಕಿದೆ. ಅರಿವೆ ಕಪ್ಪಾಗಲಿಲ್ಲ. ಈಗಷ್ಟೇ ತೊಳೆದಿರಬಹುದು ಎಂದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ರಾಣಿಯ ಕಿವಿಯ ಕೆಳಗೆ, ಕತ್ತಿನ ಮೇಲೆ, ಉಗುರು ತಾಗಿದಂಥ ಸಣ್ಣ ಗೀರು. ಎರಡನೆಯದನ್ನು ತೆಗೆದೆ. ಅದಕ್ಕೂ ಅಲ್ಲೇ, ಅಷ್ಟೇ ಉದ್ದದ ಗೀರು. ಐದಕ್ಕೂ ಇತ್ತು. ಹಲವರ ಕೈ ದಾಟಿ ಬಂದ ನಾಣ್ಯಗಳು ಒಂದೊಂದು ಒಂದೊಂದು ತೆರನಾಗಿ ಸವೆದಿರಬೇಕು. ಇವು ಐದೂ ಒಂದೇ ಪೆಟ್ಟು ತಿಂದಿದ್ದವು. ಗೀರು ಬಿದ್ದ ಯಾವುದೋ ಒಂದು ರೂಪಾಯಿಯಿಂದ ಅಚ್ಚು ತೆಗೆದು ಐದನ್ನೂ ಎರಕ ಹೊಯ್ದಿದ್ದರು. ಅಂಚಿನ ಸುತ್ತ, ಎರಡು ಅಚ್ಚು ಕೂಡಿದಲ್ಲಿ, ಅರದಿಂದ ಉಜ್ಜಿದ ಗುರುತೂ ಕಂಡಿತು.

ನನ್ನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ಫರಸಿಯ ಮೇಲೆ ಬಿಟ್ಟೆ. ಅದರ ದನಿ ಕೋಣೆ ತುಂಬ ಹರಿದು ನಿಧಾನ ನಿಂತಿತು. ಕಾಕಾ ತಂದದ್ದನ್ನು ಬಿಟ್ಟೆ. ಟಪ್.

“ಇವು ಖೋಟಾ ಅದಾವ್ರಿ ಕಾಕಾ.”

“ಲೋಹಚುಂಬಕ ಹಚ್ಚಿ ನೋಡೇನಿ. ಹತ್ತಲಿಲ್ಲ!”

“ಅದು ಹಿತ್ತಾಳಿ ತಂಬಿಗಿಗೂ ಹತ್ತೂದಿಲ್ರಿ.”

ಕಾಕಾ ನಕ್ಕರು. ಅಂಗಳದಲ್ಲಿದ್ದ ಮೈದುನನ ಕಡೆ ತಿರುಗಿ, “ನೋಡಪಾ, ಕಾನ್ವೆಂಟಿನ್ಯಾಗ ಸಿಸ್ಟರಗೋಳು ರೂಪಾಯಿ ಪರೀಕ್ಷಾನೂ ಕಲಿಸ್ಯಾರ ನಿಮ್ಮ ವೈನಿಗೆ!” ಅಂದರು.

“ಕಸೂತಿ ಕಲಿಸಿದ್ರು. ಅರಿವಿ ತಿರುವಿ ಹಿಂದಿನ ಹೊಲಿಗಿ ನೋಡು ಅಂತಿದ್ರು. ನೀವು ಕೊಂಬು ಮುರದು ಒಳಗಿನ ಬಣ್ಣಾ ನೋಡಲಾರದ ಒಂದ ಚೀಲಾ ಅರಿಶಿಣ ತಗೋಳೂದಿಲ್ಲ. ಇವನ್ನ ಬರೇ ಹೊಳಪ ನೋಡಿ ತಂದೀರಿ.”

ಅವರ ನಗು ನಿಂತಿತು. “ಈಗ ಬ್ಯಾರೆ ಎಲ್ಲಿಂದ ತರೂದು? ಉಡಿ ತುಂಬಿ ಸೆರಗ ಮುಚ್ಚಿದ್ರ ಆತು. ಯಾರ ನೋಡತಾರ?”

“ಮದವಿ ದಿನಾ ನೀವ ನೋಡತೀರಿ. ಎಲ್ಲಾರ ಮುಂದ ಬಾರಸತೀರಿ. ಅವತ್ತ ಟಪ್ ಅಂದ್ರ ಕಳ್ಳಿ ಅನಿಸಿಕೊಳ್ಳಾಕಿ ಯಾರು? ಆ ಹುಡುಗಿ. ತವರಮನಿಯವರು ಬದಲ ಮಾಡ್ಯಾರ ಅಂತೀರಿ.”

ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಗಂಡ ಫೋನಿನಿಂದ ಕಣ್ಣೆತ್ತಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿ, “ಹೊತ್ತಾತು, ಸೀರಿ ಉಟಗೋ” ಎಂದರು. ಸುಮ್ಮನಿರು ಎಂದು ಅದರ ಅರ್ಥ ಎಂದುಕೊಂಡೆ. ಸೀರೆ ಉಟ್ಟೆ. ಸುಮ್ಮನಿರುವ ಮನಸ್ಸು ಮಾತ್ರ ಮಾಡಲಿಲ್ಲ.

ಮಾಲಗಾಂವದಲ್ಲಿ ಪಡಸಾಲೆ ತುಂಬ ಜನ. ನಮ್ಮ ಜೊತೆಗೆ ಪಕ್ಕದ ಮನೆಯ ಮಾವಶಿ ಮತ್ತು ಅವರ ಸೊಸೆಯೂ ಬಂದಿದ್ದರು. ಉಡಿ ತುಂಬುವವಳು ಹಿರಿಸೊಸೆಯಾದ ನಾನೇ. ಹುಡುಗಿ ಮಣೆಯ ಮೇಲೆ ಸೆರಗು ಹಿಡಿದು ಕುಳಿತಿದ್ದಳು. ಮೆಹಂದಿಯ ಬಣ್ಣ ಎಡಗೈಗೆ ಚೆನ್ನಾಗಿ ಹತ್ತಿತ್ತು, ಬಲಗೈಗೆ ಅಷ್ಟು ಹತ್ತಿರಲಿಲ್ಲ. ಅಕ್ಕಿ ಹಾಕಿದೆ, ಕೊಬ್ಬರಿ ಹಾಕಿದೆ, ಅರಿಶಿಣದ ಕೊಂಬು ಹಾಕಿ ಕೈ ಹಿಂದೆ ತೆಗೆದುಕೊಂಡೆ.

“ರೂಪಾಯಿ,” ಎಂದರು ಕಾಕಾ, ತಟ್ಟೆ ಮುಂದೆ ಸರಿಸಿ.

ನನಗೆ ದನಿ ಏರಿಸಿ ಮಾತಾಡಿ ರೂಢಿಯಿಲ್ಲ. ಮೆಲ್ಲಗೇ ಹೇಳಿದೆ.

“ಇವು ಖೋಟಾ ಅದಾವು. ನನ್ನ ಕೈಲೆ ಈಕಿ ಉಡಿಯೊಳಗ ಹಾಕೂದಿಲ್ಲ. ಖರೇವು ಸಿಕ್ಕ ದಿನಾ ನಾನ ತರತೇನಿ, ಇಲ್ಲೇ ನಿಮ್ಮೆಲ್ಲಾರ ಮುಂದ ಬಾರಿಸಿ ಹಾಕತೇನಿ.”

ಹುಡುಗಿಯ ತಂದೆಯ ಮುಖ ಕೆಂಪಾಯಿತು. “ಮಂಗಳಕಾರ್ಯದಾಗ ಇದೇನ ಮಾತ್ರಿ?” ಎಂದರು. ಕಾಕಾ ಹಲ್ಲು ಕಚ್ಚಿ, “ಆಕಿಗೆ ತಿಳಿಯೂದಿಲ್ಲ, ಮನಸಿಗೆ ತಗೋಬ್ಯಾಡ್ರಿ. ಸೂನಬಾಯಿ, ಹಾಕ!” ಅಂದರು. ನಾನು ಕೈ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದೆ.

ಆಗ ಹುಡುಗಿ ಒಂದು ಕೈಯಿಂದ ಸೆರಗು ಹಿಡಿದು, ಇನ್ನೊಂದನ್ನು ಚಾಚಿ, “ನಾ ನೋಡಲೇನ್ರಿ ಅಕ್ಕಾರ?” ಎಂದಳು.

ಎರಡು ರೂಪಾಯಿ ಅವಳ ಅಂಗೈಯಲ್ಲಿಟ್ಟು ಗೀರು ತೋರಿಸಿದೆ. ಬಗ್ಗಿ ನೋಡಿದಳು. ಉಳಿದ ಮೂರನ್ನೂ ತಾನೇ ಎತ್ತಿ ನೋಡಿದಳು. “ಎಲ್ಲಾದಕೂ ಅಲ್ಲೇ ಐತಿ,” ಎಂದು ತಂದೆಯ ಕಡೆ ನೋಡಿ, ಐದನ್ನೂ ತಟ್ಟೆಗೆ ಹಾಕಿ ಸೆರಗು ಮಡಚಿಕೊಂಡಳು. “ಖರೇವ ತರ್ರಿ. ನಾ ಕಾಯತೇನಿ.”

ನಮ್ಮತ್ತೆ ಆ ತಟ್ಟೆಯನ್ನು ಎತ್ತಿ ಕಾಕಾರ ಮುಂದಿಟ್ಟು, ಹುಡುಗಿಯ ಬಾಯಿಗೆ ನಿಶ್ಚಯದ ಸಕ್ಕರೆ ಹಾಕಿದರು.

ಬರುವಾಗ ಗಾಡಿಯಲ್ಲಿ, ಮಿರಜ ಸ್ಟೇಶನ್ನಿನ ಹತ್ತಿರ ಕಾಕಾ ಮುಂದಿನ ಸೀಟಿನಿಂದಲೇ, “ಮನಿತನದ ಮಾನಾ ಕಳದಿ,” ಅಂದರು.

“ಆ ಹುಡುಗಿನೂ ಈಗ ನಮ್ಮ ಮನಿತನದಾಕೀನ ಅಲ್ಲೇನ್ರಿ ಕಾಕಾ?”

ಅವರು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದರು.

ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಮನೆಯ ಮಾವಶಿ ಚಪ್ಪಲಿ ಕಳಚುತ್ತ ಬಾಗಿಲಿಂದಲೇ ಮಾತು ಶುರು ಮಾಡಿದರು.

“ಒಂದ ಕಪ್ ಚಹಾ ಕೊಡವಾ. ನಮ್ಮ ಸೊಸಿ ಮಾಲಗಾಂವದಿಂದ ಬಂದಾಗಿಂದ ಕದಾ ಹಾಕ್ಕೊಂಡ ತನ್ನ ಉಡಿ ರೂಪಾಯಿ ಬಾರಿಸಿ ನೋಡಕೋತ ಕುಂತಾಳ. ಕರದ್ರ, ತಡೀರಿ ಅಂತಾಳ.”