ರಾಧಾ ಹಿಡಿಸಿದ ಎಲೆ ಅಡಿಕೆ

ರಾಧಾ ನನ್ನ ತಮ್ಮ ಚಿಕ್ಕಬೀರಯ್ಯನ ಮಗಳು. ಅವರ ಊರು ಬೆಟ್ಟದಪುರದ ಪಕ್ಕ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಹುಟ್ಟಿದವಳು. ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬೆಂಕಿ ಬಿಟ್ಟು ಬರುವ ಹಾಗಿಲ್ಲದೆ ಅವಳಪ್ಪ ಮಗುವಿನ ಮುಖ ನೋಡಿದ್ದು ಮಾರನೆಯ ದಿನ. ಯಾರೋ ಈ ಮಾತನ್ನು ಅವಳು ಚಿಕ್ಕವಳಿದ್ದಾಗ ತಮಾಷೆಗೆ ಹೇಳಿದರು. ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಬೆಲ್ಲ ತಂದುಕೊಟ್ಟರೂ ಆಡಲಿಲ್ಲ, "ನಾನು ಬರಬೇಕಾಗಿತ್ತು ಕಣವ್ವ" ಎಂದು ಬಾಯಿಬಿಟ್ಟು ಹೇಳಿದ ಮೇಲೆ ಆಡಿದಳು. ಅವಳ ಸ್ವಭಾವ ಅಂದಿನಿಂದ ಇಂದಿನವರೆಗೂ ಅದೇ. ಅವಳಿಗೆ ಬೆಲ್ಲ ಬೇಕಿಲ್ಲ, ಮಾತು ಬೇಕು.

ಪಿ.ಯು.ಸಿ. ಮುಗಿಸಿ, ಟೈಪಿಂಗ್ ಕಲಿತು, ಹುಣಸೂರಿಗೆ ನನ್ನ ಮನೆಗೆ ಬಂದಳು. ನಮ್ಮವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಮನೆಯ ಎದುರು ಸಾಲಿನಲ್ಲಿ, ಉಮಾಶಂಕರನ ಕಂಪ್ಯೂಟರ್ ಅಂಗಡಿ. ಅವನು ನಮ್ಮ ಜನವೇ, ದೂರದಿಂದ ನೆಂಟ, ನನ್ನನ್ನು ಸೋಮಕ್ಕ ಎನ್ನುತ್ತಾನೆ. ರಾಧಾ ಅಲ್ಲಿ ಕೆಲಸಕ್ಕೆ ಸೇರಿದಳು. ಲಗ್ನಪತ್ರಿಕೆ, ಅರ್ಜಿ, ತಿಥಿ ಕಾರ್ಡು, ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಉಮಾಶಂಕರ ಗಿರಾಕಿಗಳ ಜೊತೆ ಮಾತಾಡುತ್ತಾ ಕೂರುತ್ತಿದ್ದ.

ಅವನ ಕಂಪ್ಯೂಟರಿನ ಬೆನ್ನಿಗೆ ಬೆರಳುದ್ದದ ಒಂದು ತುಂಡು ಸಿಕ್ಕಿಸಿತ್ತು. ಅದಿದ್ದರೆ ಮಾತ್ರ ಕನ್ನಡದ ಅಕ್ಷರ ಬರುವುದು, ತೆಗೆದರೆ ಇಲ್ಲ. ಕಂಪನಿಯವರು ಕಳ್ಳತನವಾಗದಿರಲಿ ಎಂದು ಕೊಟ್ಟದ್ದಂತೆ. ಅದಕ್ಕೆ ಲಾಕ್ ಎನ್ನುತ್ತಿದ್ದರು. ಆಯುಧಪೂಜೆಯ ದಿನ ರಾಧಾ ಎಲ್ಲದಕ್ಕೂ ಕುಂಕುಮ ಇಟ್ಟು, ಆ ಲಾಕಿಗೂ ಒಂದೆಳೆ ಅರಿಶಿನದ ದಾರ ಸುತ್ತಿದ್ದಳು.

ಎರಡು ಸಾವಿರದ ಐದನೇ ಇಸವಿ, ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ ಲಾಕ್ ಕಾಣಲಿಲ್ಲ. ಉಮಾಶಂಕರ ಅಂಗಡಿಯಲ್ಲಿ ಹುಡುಕಿದ. ಆಮೇಲೆ ರಾಧಾಳ ಚೀಲ ತೆಗೆದುಕೊಂಡು, ಪಕ್ಕದ ನಿಂಗಯ್ಯನ ಟೀ ಅಂಗಡಿಯ ಮುಂದೆ, ಬೆಂಚಿನ ಮೇಲೆ ಕೂತವರೆಲ್ಲ ನೋಡುತ್ತಿರುವಾಗ ನೆಲಕ್ಕೆ ಸುರಿದ. ಊಟದ ಡಬ್ಬಿ, ಬಾಚಣಿಗೆ, ಹೆಂಗಸರ ಬಟ್ಟೆ, ಎಲ್ಲ ಬಿತ್ತು. ಲಾಕ್ ಬೀಳಲಿಲ್ಲ.

"ಮನೇಲಿ ಮಡಗಿರ್ತಾಳೆ ಬುಡ್ರಿ" ಎಂದ ಅವನು. "ಸ್ವಂತ ಅಂಗಡಿ ಇಡೋ ಯೋಚ್ನೆ. ಅನ್ನ ಕೊಟ್ಟ ಮನೆಗೇ ಕನ್ನ."

ನಾನು ಬಾಗಿಲಲ್ಲಿ ನಿಂತು ನೋಡಿದೆ. ರಾಧಾ ಬಗ್ಗಿ ಒಂದೊಂದಾಗಿ ಎತ್ತಿಕೊಂಡಳು. ಅಳಲಿಲ್ಲ. ಸಂಜೆ ಬೆಟ್ಟದಪುರದಿಂದ ಅವಳಪ್ಪ ಬಂದ. ಅದೇ ಬೆಂಚಿನ ಮುಂದೆ ಉಮಾಶಂಕರ ಅವನಿಗೂ ಅದೇ ಮಾತು ಹೇಳಿದ. ಚಿಕ್ಕಬೀರಯ್ಯ ಟವಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ ನಿಂತಿದ್ದ. ಅಂದಿನಿಂದ ರಾಧಾ ನಮ್ಮ ರಸ್ತೆಯಲ್ಲಿ ಕಳ್ಳಿಯಾದಳು.

ಸ್ವಲ್ಪ ದಿನ ಕಳೆದು, ಉಮಾಶಂಕರನ ಅಂಗಡಿಯಲ್ಲಿ ಲಗ್ನಪತ್ರಿಕೆ ಮತ್ತೆ ಶುರುವಾಯಿತು. ಹೊಸ ಲಾಕ್ ತರಿಸಿದೆ ಎಂದು ಎಲ್ಲರಿಗೂ ಹೇಳಿದ. ಅವನ ಕಂಪ್ಯೂಟರಿನ ಬೆನ್ನು ರಸ್ತೆಗೆ ಕಾಣುತ್ತದೆ. ರಾಧಾ ತರಕಾರಿ ತರಲು ಹೋಗುವಾಗ ಒಂದು ಕ್ಷಣ ನಿಂತು ನೋಡಿದಳು. ಮನೆಗೆ ಬಂದು ನುಗ್ಗೆಕಾಯಿ ಕೆಳಗಿಟ್ಟು ಹೇಳಿದಳು:

"ಅತ್ತೆ, ಅದೇ ಲಾಕು. ನಾನು ಸುತ್ತಿದ್ ದಾರ ಅಂಗೇ ಅದೆ."

"ಓಗಿ ಕೇಳೋಣ ನಡಿ" ಎಂದೆ.

"ಬ್ಯಾಡ. ಕೇಳುದ್ರೆ ಒಳಗೋಗಿ ದಾರ ಕಿತ್ತಾಕ್ತಾನೆ. ಅವ್ನೇ ಬಾಯ್ಬುಟ್ಟು ಏಳ್ಬೇಕು. ಅದೇ ಬೆಂಚಿನ ಮುಂದೆ, ಕೈಲಿ ಎಲೆ ಅಡಿಕೆ ಇಡ್ಕಂಡು ಏಳ್ಬೇಕು."

ನಮ್ಮ ಕಡೆ ನ್ಯಾಯದಲ್ಲಿ ತಪ್ಪು ಮಾಡಿದವನು ಅಂಗೈಯಲ್ಲಿ ಎಲೆ ಅಡಿಕೆ ಹಿಡಿದು, ಹತ್ತು ಜನರ ಎದುರು ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹಾಗೆ ಮಾಡಿಸಲು ಊರಲ್ಲಾದರೆ ಯಜಮಾನರಿದ್ದಾರೆ. ಹುಣಸೂರಿನ ರಸ್ತೆಯಲ್ಲಿ ಯಾರಿದ್ದಾರೆ? ಅವಳೇ ಮಾಡಿಸಬೇಕಾಗಿತ್ತು.

ಅವಳು ದಿನಾ ಲೈಬ್ರರಿಗೆ ಹೋಗತೊಡಗಿದಳು. ಒಂದು ಪತ್ರಿಕೆಯಲ್ಲಿ ಲಿನಕ್ಸ್ ಎನ್ನುವುದರ ವಿಷಯ ಓದಿಕೊಂಡು ಬಂದಳು. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಂತೆ. ಅದಕ್ಕೆ ಒಡೆಯನಿಲ್ಲ, ಬೇಕಾದವರು ತೆಗೆದುಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು. ಕನ್ನಡವೂ ಬರುತ್ತದೆ, ಲಾಕ್ ಬೇಡ. "ಲಾಕೇ ಇಲ್ದಿದ್ರೆ ಕದಿಯೋದ್ ಏನ?" ಎಂದಳು. ಅದರ ಸಿ.ಡಿ. ಬೇಕೆಂದು ಬರೆದು ಹಾಕಿದಳು, ಹೊರದೇಶದಿಂದ ಅಂಚೆಯಲ್ಲಿ ಬಿಟ್ಟಿಯಾಗಿ ಬಂತು.

ಮುಂದಿನ ವರ್ಷ ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕಿತು. ಚಿಕ್ಕಬೀರಯ್ಯ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಲ್ಯಾಪ್‌ಟಾಪ್ ಕೊಡಿಸಿದ. ಒಳಗೆ ಯಾವ ವ್ಯವಸ್ಥೆಯೂ ಇಲ್ಲದೆ ಖಾಲಿ ಬರುವಂಥದ್ದು, ಹಾಗಾಗಿ ಬೆಲೆ ಕಡಿಮೆ. ಅಂಗಡಿಯವನು ಮೊದಲೇ ಹೇಳಿದ್ದನಂತೆ: "ಇದು ಹೊಸ ಮಾಡಲ್ಲು, ಈಗ ತಾನೇ ಬಂದಿರೋದು. ನಿಮ್ಮ ಸಿ.ಡಿ.ಗೆ ಇದರ ಗುರುತೇ ಇರಲ್ಲ. ಕೂರಲ್ಲ, ಸುಮ್ನೆ ಒದ್ದಾಡ್ತೀರ."

ಕೂರಲಿಲ್ಲ. ಸಿ.ಡಿ. ಹಾಕಿದರೆ ಒಂದಷ್ಟು ಬಿಳಿ ಅಕ್ಷರ ಓಡುತ್ತವೆ, ಆಮೇಲೆ ಪರದೆ ಕಪ್ಪು. ಒಳಗೆ ಫ್ಯಾನ್ ತಿರುಗುವ ಸದ್ದು ಮಾತ್ರ. ನಾನು ಎದುರಿಗೆ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ. ಅವಳು ಅದನ್ನು ಇದನ್ನು ಬದಲಾಯಿಸಿ ಮತ್ತೆ ಹಾಕುವಳು. ಒಂದು ಸಲ ಪರದೆ ಬಂದುಬಿಟ್ಟಿತು, ಯಾವುದರಿಂದ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಇನ್ನೊಂದು ಸಲಕ್ಕೆ ಹೋಯಿತು.

ಸುದ್ದಿ ಎದುರು ಸಾಲಿಗೂ ಮುಟ್ಟಿತು. ಉಮಾಶಂಕರ ರಸ್ತೆಯಲ್ಲಿ ನಿಂತೇ ಕೇಳಿದ, "ಏನ್ ಸೋಮಕ್ಕ, ನಿಮ್ ಸೊಸೆ ಕನ್ನಡಿ ಕೊಂಡಿದಾಳಂತೆ? ಕಪ್ಪು ಕನ್ನಡಿ. ಮುಖ ನೋಡ್ಕಳಕೆ ಸರಿಯಾಗದೆ ಬುಡಿ."

ಒಳಗೆ ಕೂತಿದ್ದ ರಾಧಾ ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

ಆ ವಾರ ಅವಳಪ್ಪ ರಾಗಿ ಹಿಟ್ಟು ತಂದುಕೊಟ್ಟು, ಸ್ವಲ್ಪ ಹೊತ್ತು ಮಗಳ ಹಿಂದೆ ಕೂತು ನೋಡಿದ. ಅವನಿಗೆ ಕಂಪ್ಯೂಟರ್ ಗೊತ್ತಿಲ್ಲ.

"ಒಂದೇ ಸಲಕ್ಕೆ ಎಷ್ಟು ತಿರುವ್ತಿಯವ್ವ?" ಎಂದ.

"ಬೇಗ ಆಗ್ಲಿ ಅಂತ ಕಣಪ್ಪ."

"ಬ್ಯಾರನ್ನಲ್ಲಿ ಬೇಗ ಆಗ್ಲಿ ಅಂತ ಬಿಸಿ ಏರ್ಸಿದ್ರೆ ಏನಾಯ್ತದೆ?"

"ಸೊಪ್ಪು ಅಸುರಾಗೇ ಸತ್ತೋಯ್ತದೆ."

"ಮತ್ತೆ? ಬೆಂಕಿನೂ ಏರ್ಸಿ, ಗಾಳಿ ಕಿಂಡಿನೂ ತೆಗೆದ್ರೆ, ಯಾವುದ್ರಿಂದ ಕೆಡ್ತು ಅಂತ ಎಂಗೆ ಏಳ್ತಿಯ? ಒಂದು ತಿರುವು. ಕಾಯಿ. ಕಿಟಕೀಲಿ ನೋಡು. ಆಮೇಲೆ ಇನ್ನೊಂದು."

ಅಲ್ಲಿಂದ ಅವಳ ಕೆಲಸದ ರೀತಿ ಬದಲಾಯಿತು. ಒಂದನ್ನು ಬದಲಾಯಿಸುವಳು, ಸಿ.ಡಿ. ಹಾಕುವಳು, ಕೈ ಕಟ್ಟಿಕೊಂಡು ಕಾಯುವಳು. ಆಗದಿದ್ದರೆ ಅದನ್ನು ಮೊದಲಿದ್ದ ಹಾಗೇ ಮಾಡಿ, ಬೇರೆಯದಕ್ಕೆ ಕೈ ಹಾಕುವಳು. ಹೀಗೆ ಮಾಡುತ್ತಾ, ಸಿ.ಡಿ. ಹೊರಡುವ ಮೊದಲು ಕೊಡಬೇಕಾದ ಒಂದು ಸಾಲು ಸಿಕ್ಕಿತು. ಇಂಗ್ಲಿಷಿನಲ್ಲಿ ಒಂದು ಗೇಣುದ್ದ. ಆ ಸಾಲು ಕೊಟ್ಟರೆ ಪರದೆ ಕಪ್ಪಾಗುವುದಿಲ್ಲ. ಪರದೆ ಬಂದ ಮೇಲೆ, ಇದರಲ್ಲಿ ಡಿಸ್ಕೇ ಇಲ್ಲ ಎಂದು ಹಟ ಹಿಡಿಯಿತು. ಡಿಸ್ಕ್ ಒಳಗೇ ಇತ್ತು, ಹೊಸ ಬಗೆಯದಾದ್ದರಿಂದ ಸಿ.ಡಿ.ಗೆ ಕಾಣುತ್ತಿರಲಿಲ್ಲ. ಮೆಷಿನ್ ಏಳುವಾಗ ಒಂದು ಗುಂಡಿ ಒತ್ತಿದರೆ ಬರುವ ನೀಲಿ ಪುಟದಲ್ಲಿ, ಡಿಸ್ಕು ಹಳೆಯ ರೀತಿಯಲ್ಲಿ ನಡೆದುಕೊಳ್ಳಲಿ ಎಂದು ಬದಲಾಯಿಸಿದಳು. ಕಂಡಿತು. ಬೆರಳು ಸವರುವ ಜಾಗ ಕೊನೆಗೂ ಕೆಲಸ ಮಾಡಲಿಲ್ಲ, ಬೇರೆ ಮೌಸ್ ತಂದು ಸಿಕ್ಕಿಸಿದಳು.

ಕನ್ನಡದ ಅಕ್ಷರ ಮೂಡಿದ ದಿನ ನನ್ನನ್ನು ಕರೆದಳು. ನಾನು ಕೂಡಿಸಿಕೊಂಡು ಕೂಡಿಸಿಕೊಂಡು ಓದಿದೆ. "ಲಾಕನ್ನು ರಾಧಾ ಕದಿಯಲಿಲ್ಲ. ನಾನು ಸುಳ್ಳು ಹೇಳಿದೆ. ಉಮಾಶಂಕರ."

"ದೇವ್ರ ಎಸ್ರು ಬರೀಬಾರ್ದಾ ಮೊದ್ಲು?" ಎಂದೆ.

"ದೇವ್ರು ಚೀಲ ಸುರೀನಿಲ್ವಲ್ಲ ಅತ್ತೆ" ಎಂದಳು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆದಳು. ಜನ ಬಂದರು, ಆದರೆ ಬಂದವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು. "ಅಲ್ಲಿ ಲಗ್ನಪತ್ರಿಕೆ ಮಾಡ್ಸುದ್ರೆ ಒಡವೆ ಜೋಪಾನ" ಎಂದು ಉಮಾಶಂಕರ ಟೀ ಅಂಗಡಿಯಲ್ಲಿ ನಗಿಸುತ್ತಿದ್ದ. ಅಂಗಡಿ ಆಯಿತು, ಹೋದ ಹೆಸರು ಬರಲಿಲ್ಲ. ಅವಳು ಕಾಯುತ್ತಲೇ ಇದ್ದಳು.

ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಸಿಡಿಲು ಹೊಡೆದು ಎದುರು ಸಾಲಿನ ಕರೆಂಟಿನ ವೈರು ಸುಟ್ಟುಹೋಯಿತು. ಉಮಾಶಂಕರನ ಕಂಪ್ಯೂಟರ್ ಹೋಯಿತು, ಅದರ ಬೆನ್ನಿಗಿದ್ದ ಲಾಕೂ ಹೋಯಿತು. ಅವನ ಕೈಯಲ್ಲಿ ಆಗ ದೊಡ್ಡ ಕೆಲಸವಿತ್ತು. ರೈತರ ಸೊಸೈಟಿಯ ಮಹಾಸಭೆಗೆ ವರದಿ ಪುಸ್ತಕ ಅಚ್ಚಾಗಬೇಕಿತ್ತು, ಕಾರ್ಯದರ್ಶಿ ಮಹದೇವಯ್ಯನವರು ದಿನಾ ಬಂದು ಕೇಳುತ್ತಿದ್ದರು. ಹೊಸ ಲಾಕ್ ಬರುವುದಕ್ಕೆ ತಿಂಗಳಾಗುತ್ತದೆ ಎಂದರಂತೆ ಕಂಪನಿಯವರು. ಅವನು ಏನು ಮಾಡಿದ ಗೊತ್ತೇ? ಮೈಸೂರಿಗೆ ಹೋಗಿ, ಅದೇ ಅಂಗಡಿಯಲ್ಲಿ, "ಹುಣಸೂರಿನ ಹುಡುಗಿ ತಗೊಂಡ್ಳಲ್ಲ, ಅಂಥದ್ದೇ ಕೊಡಿ" ಎಂದು ಅದೇ ಮಾಡಲ್ಲಿನ ಲ್ಯಾಪ್‌ಟಾಪ್ ತಂದ. ಅವಳದು ನಡೆಯುತ್ತಿದೆ, ಇದೂ ನಡೆಯುತ್ತದೆ ಎಂದುಕೊಂಡ.

ನಮ್ಮ ಜಗಲಿ ಹತ್ತಿ ಬಂದು ನನ್ನನ್ನು ಮಾತಾಡಿಸಿದ. "ಸೋಮಕ್ಕ, ನಾವು ನಾವು ನೆಂಟರು. ಆ ಸಿ.ಡಿ. ಒಂದು ಕೊಡ್ಸಿ."

ರಾಧಾ ತಾನೇ ತಂದು ಕೊಟ್ಟಳು. "ತಗೊಳ್ಳಿ. ಕೇಳ್ದೋರಿಗೆಲ್ಲ ಕೊಡ್ಬೇಕಾದ್ದು ಇದು."

ಅವನು ಹೋದ ಮೇಲೆ ನಾನು ಬೈದೆ. ಅವಳು ಏಲಕ್ಕಿ ಬಾಳೆಹಣ್ಣು ಸುಲಿಯುತ್ತಾ, "ಸಿ.ಡಿ. ಕೊಟ್ಟೆ ಕಣತ್ತೆ. ಸಾಲು ಕೊಟ್ನಾ?" ಎಂದಳು.

ಮಾರನೆಯ ದಿನ ಎದುರಂಗಡಿಯಲ್ಲಿ ಕಪ್ಪು ಕನ್ನಡಿ ಬೆಳಗಿನಿಂದ ಸಂಜೆಯವರೆಗೂ ಮಿಣುಕಲಿಲ್ಲ. ಮೈಸೂರಿನಿಂದ ಒಬ್ಬನನ್ನು ಕರೆಸಿದ. ಬಂದವನು ಹೊಸ ಮಾಡಲ್ಲು, ಆಗಲ್ಲ ಎಂದು ಹೋದ. ನಾನು ಆ ದಿನ ಕೆಲಸ ಬಿಟ್ಟು ಜಗಲಿಯಲ್ಲೇ ಕೂತಿದ್ದೆ. ಸುಳ್ಳೇಕೆ, ಬಹಳ ದಿನದ ಮೇಲೆ ಮನಸ್ಸಿಗೆ ತಂಪಾಗಿತ್ತು.

ಮತ್ತೆ ಬಂದ. ಈ ಸಲ ರಾಧಾಳನ್ನೇ ಕೇಳಿದ. "ನಿಂದು ಎಂಗೆ ಬತ್ತದೆ, ನಂದು ಎಂಗೆ ಬರಲ್ಲ?"

"ಬತ್ತದೆ. ಒಂದು ಸಾಲು ಕೊಡ್ಬೇಕು."

"ಏಳವ್ವ ಮತ್ತೆ."

"ನೀವು ಮೊದ್ಲು ಏಳಿ. ಎಲೆ ಅಡಿಕೆ ಇಡ್ಕಂಡು, ನಿಂಗಯ್ಯನ ಬೆಂಚಿನ ಮುಂದೆ. ನಮ್ಮಪ್ಪ ಇರ್ಬೇಕು."

ಅವನ ಮುಖ ಕೆಂಪಾಯಿತು. "ನಿನ್ನ ಸಾಲು ನೀನೇ ಮಡಿಕ್ಕೊ" ಎಂದು ಇಳಿದು ಹೋದ. ಮಧ್ಯಾಹ್ನ ಹೆಂಡತಿಯ ಕೈಯಲ್ಲಿ ತಟ್ಟೆ ತುಂಬ ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಕಳಿಸಿದ. ರಾಧಾ ಆ ಹೆಂಗಸನ್ನು ಕೂರಿಸಿ, ಕಾಫಿ ಕೊಟ್ಟು, ಕುಂಕುಮ ಇಟ್ಟು, ತಟ್ಟೆಯನ್ನು ಹಾಗೇ ವಾಪಸ್ಸು ಕಳಿಸಿದಳು. "ತಪ್ಪು ನಿಮ್ಮದಲ್ಲ ಅಕ್ಕ" ಎಂದಳು. ಸಂಜೆಗೆ ಮಹದೇವಯ್ಯನವರು, ನಾಳೆಗೆ ಪುಸ್ತಕ ಶುರುವಾಗದಿದ್ದರೆ ಕೆಲಸವನ್ನು ಕೆ.ಆರ್. ನಗರಕ್ಕೆ ಕೊಡುತ್ತೇನೆ, ಮುಂದಿನ ವರ್ಷವೂ ಅಲ್ಲಿಗೇ ಎಂದು ಅವನಿಗೆ ಹೇಳಿ ಹೋದರು.

ಬೆಳಿಗ್ಗೆ ಉಮಾಶಂಕರ ಟೀ ಅಂಗಡಿಯ ಮುಂದೆ ನಿಂತಿದ್ದ, ಅಂಗೈಯಲ್ಲಿ ಎಲೆ ಅಡಿಕೆ. ರಾತ್ರಿ ಅವನು ಒಪ್ಪಿದೆ ಎಂದ ಕೂಡಲೇ ನಾವು ಹೇಳಿಕಳಿಸಿದ್ದರಿಂದ ಚಿಕ್ಕಬೀರಯ್ಯ ಮೊದಲ ಬಸ್ಸಿಗೇ ಬಂದಿದ್ದ. ಬೆಂಚು ತುಂಬಿತ್ತು. ಮಹದೇವಯ್ಯನವರೂ ಇದ್ದರು.

"ಏನೋ ತಿಳೀದೆ ಒಂದು ಮಾತು ಬಂತು..." ಎಂದು ಶುರುಮಾಡಿದ ಅವನು.

"ತಿಳೀದೆ ಅಲ್ಲ" ಎಂದಳು ರಾಧಾ. "ಲಾಕ್ ಎಲ್ಲಿತ್ತು?"

ನಿಂಗಯ್ಯ ಟೀ ಸೋಸುವುದನ್ನು ನಿಲ್ಲಿಸಿ, "ಏಳಪ್ಪ, ಆಲು ಉಕ್ತಾ ಅದೆ" ಎಂದ. ಯಾರೋ ನಕ್ಕರು.

"ಸ್ಕೂಟರ್ ಡಿಕ್ಕೀಲಿತ್ತು. ಕೆ.ಆರ್. ನಗರಕ್ಕೆ ಬಾಮೈದನ ಅಂಗಡೀಗೆ ನಾನೇ ತಗೊಂಡೋಗಿ ಮರ್ತಿದ್ದೆ. ಸಿಕ್ಕಿದ್ ಮೇಲೂ ಏಳ್ಲಿಲ್ಲ. ಅವ್ಳು ಕದ್ದಿರ್ಲಿಲ್ಲ."

"ನಮ್ಮಪ್ಪನ್ ಕಡೆ ತಿರುಗಿ ಏಳಿ."

ತಿರುಗಿ ಹೇಳಿದ. ಚಿಕ್ಕಬೀರಯ್ಯ ಅವನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡ. ಟವಲ್ಲು ಹೆಗಲ ಮೇಲೇ ಇತ್ತು.

ರಾಧಾ ಕೊಟ್ಟ ಮಾತಿಗೆ ತಪ್ಪಲಿಲ್ಲ. ಬೆಂಚಿನ ಮೇಲೆ ಅವನ ಲ್ಯಾಪ್‌ಟಾಪ್ ಇಡಿಸಿ, ನೀಲಿ ಪುಟದಲ್ಲಿ ಬದಲಾಯಿಸಬೇಕಾದ್ದನ್ನೂ ಆ ಗೇಣುದ್ದದ ಸಾಲನ್ನೂ ಒಂದೊಂದೇ ಅಕ್ಷರವಾಗಿ ಹೇಳಿದಳು, ಅವನು ಒತ್ತಿದ. ಪರದೆ ಬಂತು.

ಎಲೆ ಅಡಿಕೆಯನ್ನು ನೊಂದವರು ತೆಗೆದುಕೊಂಡು ಅಲ್ಲೇ ಬಾಯಿಗೆ ಹಾಕಿಕೊಂಡರೆ ಜಗಳ ಮುಗಿಯಿತು, ಮತ್ತೆ ನೆಂಟತನ ನಡೆಯುತ್ತದೆ ಎಂದು ಅರ್ಥ. ಅವನು ಕೈ ಚಾಚಿದ. ಅವಳು ತೆಗೆದುಕೊಂಡಳು.

"ಆಕ್ಕೊಳವ್ವ" ಎಂದ ನಿಂಗಯ್ಯ.

"ಆಕ್ಕೋತೀನಿ, ಓಗಿ" ಎಂದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಉಮಾಶಂಕರ ಆ ಗಂಟನ್ನೇ ನೋಡುತ್ತಾ ನಿಂತ.

ಮನೆಗೆ ಬಂದು ಎಲೆಯನ್ನು ಹಿತ್ತಲಲ್ಲಿ ಕಟ್ಟಿದ್ದ ನಮ್ಮ ಮೇಕೆಗೆ ಹಾಕಿದಳು. ಅಡಿಕೆಯನ್ನು ನನ್ನ ಕೈಗೆ ಕೊಟ್ಟಳು. ಊಟ ಬಿಟ್ಟರೂ ಅಡಿಕೆ ಬಿಡದವಳು ನಾನು. ಅದನ್ನು ಚರಂಡಿಗೆ ಎಸೆದು ಕೈ ತೊಳೆದುಕೊಂಡೆ.