ದಾಸ ಎನ್ನುತ್ತಿದ್ದ ಧಣಿ

ಆಗ ನನಗೆ ನಲವತ್ತಾರು. ಅದಾಗಿ ಇಪ್ಪತ್ತೇಳು ವರ್ಷವಾಯಿತು. ಕತಾರಿನ ದೋಹಾದಲ್ಲಿ, ಅಲ್ ಸದ್ದ್ ಎಂಬ ಬಡಾವಣೆಯಲ್ಲಿ ಆಸ್ಟ್ರಿಯಾದ ಒಬ್ಬ ಇಂಜಿನಿಯರನ ಫ್ಲ್ಯಾಟಿನಲ್ಲಿ ಅಡುಗೆಗಿದ್ದೆ. ಊರಿನಲ್ಲಿ ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತಾಯಿ ಮಾಡದೆ ಮತ್ಯಾರು ಮಾಡುತ್ತಾರೆ? ನನ್ನ ಪಾಸ್‌ಪೋರ್ಟ್ ಧಣಿಯ ಕಪಾಟಿನಲ್ಲಿ, ದೇಶ ಬಿಡುವ ಕಾಗದಕ್ಕೂ ಅವನದೇ ಸಹಿ ಬೇಕು. ರಜೆ ಕೇಳಿದಾಗಲೆಲ್ಲ ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಿದ್ದ. ಹೆರಿಗೆಯೇನು ಅವನ ಕ್ಯಾಲೆಂಡರ್ ನೋಡಿ ಆಗುತ್ತದೆಯೇ?

ಒಂದು ಶುಕ್ರವಾರ ಮಧ್ಯಾಹ್ನ ಅವನ ಗೆಳೆಯರು ಊಟಕ್ಕೆ ಬಂದರು. ಹಂಗೇರಿಯವನೊಬ್ಬ, ಪೋಲೆಂಡಿನವನೊಬ್ಬ, ಇಟಲಿಯವಳೊಬ್ಬಳು. ಬಾಗಿಲಲ್ಲೇ ಗಂಡಸರು ‘ಸೆರ್ವುಸ್, ಸೆರ್ವುಸ್’ ಎಂದು ಬೆನ್ನು ತಟ್ಟಿಕೊಂಡರು. ಬರುವಾಗಲೂ ಅದೇ, ಹೋಗುವಾಗಲೂ ಅದೇ. ಊಟದ ನಡುವೆ ಆ ಮಾತು ಯಾರ ದೇಶದ್ದೆಂದು ಜಗಳ. ಮನೆಮನೆ ದುಡಿದು ಕಲಿತ ಇಂಗ್ಲಿಷಿನಲ್ಲಿ ನನಗೂ ಎಲ್ಲ ತಿಳಿಯುತ್ತಿತ್ತು. ನನ್ನ ಧಣಿ ಪಂಡಿತನ ಹಾಗೆ ಹೇಳಿದ: ಅದು ಹಳೆಯ ರೋಮಿನವರ ಲ್ಯಾಟಿನ್, ‘ನಾನು ನಿಮ್ಮ ದಾಸ’ ಎಂದು ಅರ್ಥ. ಇಟಲಿಯವಳು, “ನಾವು ಸಿಕ್ಕಾಗ ಹೇಳುವ ‘ಚಾವ್’ ಕೂಡ ಅಷ್ಟೇ, ನಿಮ್ಮ ಗುಲಾಮ ಅಂತಲೇ” ಎಂದಳು.

ಎಂಥ ದಾಸರು! ತನ್ನ ಕಾಲ ಬುಡದಲ್ಲಿ ಬಿದ್ದ ಚಮಚ ಎತ್ತಲು ನನ್ನನ್ನು ಅಡುಗೆಮನೆಯಿಂದ ಕೂಗುವವನು. ಬಾಯಿ ಮುಕ್ಕಳಿಸಿ ಉಗುಳುವ ನೀರಿನಷ್ಟೂ ಬೆಲೆಯಿಲ್ಲದ ಮಾತು.

ತಟ್ಟೆ ಎತ್ತುತ್ತಾ ಎಲ್ಲರೆದುರೇ ಕೇಳಿದೆ. “ಸರ್, ನನಗೂ ದಿನಾ ಬೆಳಿಗ್ಗೆ ಸೆರ್ವುಸ್ ಹೇಳ್ತೀರಲ್ಲ. ಹಾಗಾದ್ರೆ ನನ್ನ ಪಾಸ್‌ಪೋರ್ಟ್ ತಂದುಕೊಡಿ.”

ಅವನು ನಕ್ಕ. “ಅದು ಬರೀ ಮಾತು.”

ಉಳಿದವರು ನಗಲಿಲ್ಲ. “ಅವಳ ಪಾಸ್‌ಪೋರ್ಟ್ ನಿನ್ನ ಹತ್ತಿರ ಯಾಕಿದೆ?” ಎಂದಳು ಇಟಲಿಯವಳು. ಅವನ ಮುಖ ಟೊಮೆಟೊ ಹಾಗಾಯಿತು. “ನಾಳೆ ಕೊಡ್ತೇನೆ” ಎಂದ. ನನಗಲ್ಲ, ಅವಳಿಗೆ.

ಅಡುಗೆಮನೆಯಲ್ಲಿ ಅವನ ಡ್ರೈವರ್, ನಮ್ಮ ಮಂಗಳೂರಿನ ಬ್ಯಾರಿ, ಹಣೆ ಚಚ್ಚಿಕೊಂಡ. “ಎಂತ ಅಕ್ಕ, ಅವ್ರ ಮರ್ಯಾದೆ ತೆಗ್ದುಬಿಟ್ರಲ್ಲ! ನಿಮ್ಮ ಕೆಲಸ ಖಲಾಸ್.”

“ಆದ್ರೆ ಆಗ್ಲಿ ಮಾರಾಯ. ಅವ್ನ ‘ನಾಳೆ’ ಎಂಥದ್ದು ಅಂತ ನನಗೆ ನೋಡ್ಲಿಕ್ಕುಂಟು.”

ಮರುದಿನ ಬೆಳಿಗ್ಗೆ ನಾನು ಕಾಫಿ ಮಾಡಲಿಲ್ಲ. ‘ಸೆರ್ವುಸ್’ ಎನ್ನುತ್ತಾ ಬಂದವನ ಮುಂದೆ ಕೈ ಚಾಚಿದೆ. ತಣ್ಣಗಿದ್ದ ಒಲೆ ನೋಡಿದ, ನನ್ನ ಕೈ ನೋಡಿದ, ಕಪಾಟಿನ ಕಡೆ ಹೋದ. ಪಾಸ್‌ಪೋರ್ಟನ್ನೂ ಅವನು ಅಲ್ಲೇ ಸಹಿ ಹಾಕಿಕೊಟ್ಟ ಕಾಗದವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ವಿಮಾನದ ಟಿಕೆಟು ಕೊಳ್ಳಲು ನಜ್ಮಾ ಪೇಟೆಗೆ ನಡೆದುಬಿಟ್ಟೆ.