ಪಕ್ಕದಲ್ಲಿ ಯಾರಿರಬೇಕು?

ಎಡತೊರೆಯ ಮನೆಗಳನ್ನು ಕಾವೇರಿ ಕೊಚ್ಚಿಕೊಂಡು ಹೋದ ಮೇಲೆ, ಎತ್ತರದ ಬಯಲಿನಲ್ಲಿ ಹೊಸ ಊರು ಕಟ್ಟಲು ಪುರಸಭೆ ಒಂದು ಸಮಿತಿ ಮಾಡಿತು. ನಮಗೆಲ್ಲ ನಿವೇಶನ ತೋರಿಸುತ್ತಿದ್ದವರು ಅದರ ಓವರ್‌ಸಿಯರ್. ಅವರು ಕೊಡೆ ಬಿಚ್ಚಿದ್ದನ್ನು ನಾನು ಕಂಡಿಲ್ಲ, ಅದರ ತುದಿಯಿಂದ ನೆಲಕ್ಕೆ ಗೀರೆಳೆಯುತ್ತ, "ಪಕ್ಕದಲ್ಲಿ ಯಾರಿರಬೇಕು?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

"ಬಳೆ ಸಾಬ್ರ ಎಂಡ್ತಿ ಒಬ್ಳು ಬ್ಯಾಡ ಕಣ್ರೀ," ಎಂದಳು ನಮ್ಮಜ್ಜಿ. "ಅವಳ ಕೋಳಿ ನನ್ನ ಸೊಪ್ಪಿನ ಮಡಿ ಬುಡಾಕಿಲ್ಲ."

"ಎಷ್ಟು ವರ್ಷದ ಜಗಳ?"

"ನಾನು ಮದ್ವೆಯಾಗಿ ಬಂದಾಗ್ಲಿಂದ."

ಅವರು ಎರಡೂ ಮನೆಗಳಿಗೆ ಅಕ್ಕಪಕ್ಕದಲ್ಲೇ ಗೀರೆಳೆದರು. ಅಜ್ಜಿ ವಾರವೆಲ್ಲ ಗೊಣಗಿದಳು. ಆಮೇಲೆ ಆ ಗೀರಿನ ಮೇಲೆ ಬೇಲಿ ಕಟ್ಟುವಾಗ, ಕೆಳಗೆ ಕೋಳಿ ನುಸುಳುವಷ್ಟು ಸಂದು ಬಿಟ್ಟಳು. ಓವರ್‌ಸಿಯರ್ ಕೊಡೆಯ ತುದಿಯಿಂದ ಅದನ್ನು ತೋರಿಸಿ, ಯಾಕೆಂದರು.

"ಒಸ ಊರಲ್ವಾ ಸ್ವಾಮಿ. ಜಗಳಕ್ಕೊಂದು ದಾರಿ ಇರ್ಲಿ."